ರಸಮಟ್ಟ

ನಮ್ಮ ಮನೆಯ ನೆಲ ಡೊಂಕು.
ಕುಣಿಯಲಾರದವಳ ನೆವವಲ್ಲ ಇದು,
ಕುಣಿಯಬಲ್ಲವರೂ ಇಲ್ಲಿ
ಗೋಡೆ ಹಿಡಿದೇ ಕುಣಿಯುತ್ತಾರೆ.
ಲೋಬಿಯಾನಿಗೆಂದು ಆರಿಸುವಾಗ ಕಾಳೊಂದು ಕೈಜಾರಿದರೆ
ಒಲೆಯ ಬುಡದಿಂದ ಹೊರಟು
ಸವೆದ ಹೊಸ್ತಿಲು ದಾಟಿ
ಅಂಗಳದ ಕೋಳಿಯ ಕೊಕ್ಕಿಗೇ ಹೋಗಿ ನಿಲ್ಲುತ್ತದೆ.

ಗುಡ್ಡ ನಡೆಯುತ್ತಿದೆ, ಅನ್ನುತ್ತಾನೆ ಒತಿಯಾ.
ವರ್ಷಕ್ಕೊಂದು ಕೂದಲೆಳೆ, ಒಮ್ಮೊಮ್ಮೆ ಬೆರಳಗಲ,
ರಿಯೋನಿ ನದಿಗೆ ನೀರು ಕುಡಿಯಲು ಇಳಿಯುವ
ಮುದಿ ಎಮ್ಮೆಯ ಹಾಗೆ.
ರಾಚಾದವರ ಮಾತೂ ಅಷ್ಟೇ.
ವಾಕ್ಯವೊಂದನ್ನು ಶುರುಮಾಡಿ,
ನಡುವೆ ಒಂದು ಹಲಗೆ ಕೀಸಿ,
ಆಮೇಲೆ ಮುಗಿಸುತ್ತಾರೆ.

ನಾನು ಪೋತಿಯವಳು. ಕಡಲ ಪಕ್ಕದ ಸಪಾಟು ಊರು,
ಗೋಲಿ ಇಟ್ಟಲ್ಲೇ ಇರುವ ಊರು.
ಮದುವೆಯಾಗಿ ಬಂದ ಮೊದಲ ವಾರ
ರಾತ್ರಿಯಿಡೀ ಉರುಳುರುಳಿ ಗೋಡೆಗೆ ಹಣೆ ಬಡಿಸಿಕೊಂಡೆ.
ಅತ್ತೆ ಪೆಲಾಗಿಯಾ ಮರದ ಬಿಲ್ಲೆಯೊಂದನ್ನು ತಂದು
ಮಂಚದ ಕಾಲಡಿ ತಳ್ಳಿದಳು:
"ಇದು ನನ್ನ ಮದುವೆಯ ಕಾಲದ್ದು,
ನಿನಗೆ ಇನ್ನೂ ದಪ್ಪದ್ದು ಬೇಕಾದೀತು."

ಬಡಗಿಮನೆ ಮಾತ್ರ ಕೆಳಗೆ, ಬಂಡೆಯ ಮೇಲೆ.
ಅದು ಅಲುಗುವುದಿಲ್ಲ.
ಅಲ್ಲಿ ಹುಟ್ಟಿದ್ದೆಲ್ಲ ನೆಟ್ಟಗೆ:
ಅಕ್ರೋಟು ಮರದ ತೊಟ್ಟಿಲು, ಲಿಂಡೆನ್ ಮರದ ಜೇನುಗೂಡು,
ಯಾರೂ ಇನ್ನೂ ಸಾಯದೆ ಕಾಯುತ್ತಿರುವ ಒಂದು ಶವಪೆಟ್ಟಿಗೆ
(ಅದರಲ್ಲಿ ಸದ್ಯಕ್ಕೆ ಈರುಳ್ಳಿ ಇಟ್ಟಿದ್ದೇವೆ).
ಮೂವತ್ತೊಂದು ಮೆಟ್ಟಿಲು ಹತ್ತಿಸಿ ಮನೆಗೆ ತಂದರೆ
ಎಲ್ಲಕ್ಕೂ ವಾಲುವ ಚಾಳಿ.

ಹಿಮ ಕರಗಿದ ಮೇಲೆ, ಪ್ರತಿ ವರ್ಷ,
ಒತಿಯಾ ರಸಮಟ್ಟ ತಂದು
ಅಡುಗೆಮನೆಯ ಮೇಜಿನ ಮೇಲೆ ಮಲಗಿಸುತ್ತಾನೆ,
ಮಗುವಿನ ಜ್ವರ ನೋಡುವವನ ಹಾಗೆ ಬಾಗುತ್ತಾನೆ.
ಗಾಜಿನೊಳಗಿನ ಗುಳ್ಳೆ ಬೆಟ್ಟದ ಕಡೆಗೆ ಸರಿದಿರುತ್ತದೆ.
ನಾವೆಲ್ಲ ಕೆಳಕ್ಕೆ ಜಾರುವಾಗ
ಮೇಲಕ್ಕೆ ಹೋಗುವುದು ಅದೊಂದೇ.
ಮೇಲುಮಗ್ಗುಲ ಎರಡು ಕಾಲಿಗೆ ಗರಗಸ ಇಡುತ್ತಾನೆ,
ಉದುರಿದ ಬಿಲ್ಲೆಗಳ ಮೇಲೆ ಪೆನ್ಸಿಲಿನಲ್ಲಿ ವರ್ಷ ಬರೆದು
ಹಳೆಯ ಚಹಾ ಡಬ್ಬಿಗೆ ಹಾಕುತ್ತಾನೆ.
ಕೆಲವು ಕಾಗದದಷ್ಟು ತೆಳು.
ಭೂಮಿ ನಡುಗಿದ ವರ್ಷದ್ದು ಬಿಸ್ಕತ್ತಿನಷ್ಟು.

ಆ ಮೇಜನ್ನೇ ಕೇಳಿದಳು ಲಮಾರಾ,
ಪೋತಿಯಲ್ಲಿ ತಂಗುಮನೆ ನಡೆಸುವವಳು,
ನಮ್ಮಲ್ಲಿ ಎರಡು ದಿನ ಉಂಡವಳು.
ಕೊಡಬಾರದಿತ್ತು.
ಆದರೆ ಗರಗಸದ ಮೋಟಾರು ಸುಟ್ಟುಹೋಗಿತ್ತು,
ಅವಳ ಪರ್ಸು ತೆರೆದೇ ಇತ್ತು.
ನಾನು ಕೊನೆಯ ಸಲ ಜೇನುಮೇಣ ಉಜ್ಜಿದೆ,
ಚಾಕು ಗೀಚಿದ ಕಡೆ ಸ್ವಲ್ಪ ಹೆಚ್ಚು ಹೊತ್ತು.
ಮಿನಿಬಸ್ಸಿನ ನೆತ್ತಿಯ ಮೇಲೆ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿ,
ಅದು ಇಳಿದುಹೋಯಿತು.

ವಾರಕ್ಕೇ ಫೋನು: "ಮೇಜು ವಾಲುತ್ತದೆ!
ಅತಿಥಿಗಳ ಸೂಪು ಒಂದೇ ದಡಕ್ಕೆ ಬರುತ್ತದೆ!"
ಒತಿಯಾ ಕೇಳಿಸಿಕೊಂಡ. ಒಂದು ಹಲಗೆ ಕೀಸಿದ.
"ಮೇಜು ಸರಿಯಾಗಿದೆ," ಅಂದ, "ಗುಡ್ಡ ಕಳಿಸುವುದು ಮರೆತೆವು."
ಡಬ್ಬಿಗೆ ದಾರ ಸುತ್ತಿ
ಮರುದಿನದ ಬಸ್ಸಿಗೆ ಹಾಕಿದ.

ಮತ್ತೆ ಫೋನು. ಈಗ ಮೆಲುದನಿ.
ಬಿಲ್ಲೆಯ ಮೇಲೆ ಬಿಲ್ಲೆ ಒಟ್ಟಿ ನಿಲ್ಲಿಸಿದ್ದಾಳಂತೆ,
ಸೂಪು ಬಟ್ಟಲಿನ ನಡುವೆಯೇ ಇದೆಯಂತೆ.
"ಆದರೆ ಆರು ಮಿಕ್ಕಿವೆ. ಯಾಕೆ ಮಿಕ್ಕವು?"
ನಾನು ಹೇಳಲಿಲ್ಲ.
ಗೋಲಿ ಇಟ್ಟಲ್ಲೇ ಇರುತ್ತಿತ್ತು ಅಂದೆನಲ್ಲ, ಸುಳ್ಳು.
ಆ ಊರು ನಿಂತಿದ್ದು ಜೌಗಿನ ಮೇಲೆ.
ನಮ್ಮ ಶಾಲೆಯ ಒಂದು ಮೂಲೆ ಪ್ರತಿ ಚಳಿಗಾಲ ಇಷ್ಟಿಷ್ಟೇ
ಇಟ್ಟಿಗೆ ನುಂಗುತ್ತಿತ್ತು,
ನಾವು ಆ ಕಡೆಯ ಬೆಂಚಿಗೆ ದಪ್ಪ ಹುಡುಗರನ್ನು ಕೂರಿಸುತ್ತಿರಲಿಲ್ಲ.

"ಯಾವ ವರ್ಷದವು ಮಿಕ್ಕಿವೆ?" ಕೇಳಿದೆ, ಯಾಕೋ ಎದೆ ಹೊಡೆದುಕೊಂಡು.
ಅವಳು ಓದಿದಳು. ಐದು ವರ್ಷ,
ವಿಶೇಷವಿಲ್ಲದ ವರ್ಷಗಳು, ಹಾಲು ಕಾಯಿಸಿದ ವರ್ಷಗಳು.
"ಆರನೆಯದರ ಮೇಲೆ ಇಸವಿ ಇಲ್ಲ.
ಉಪ್ಪು ಅಂತ ಬರೆದಿದೆ."

ಮೆಟ್ಟಿಲಿಳಿದು ಬಡಗಿಮನೆಗೆ ಹೋದೆ.
ಹೊಸ ಮೇಜಿಗೆ ಚೆಸ್ಟ್‌ನಟ್ ಹಲಗೆ ಹೂಡಿದ್ದ,
ಕೀಸುಳಿಯ ಬಾಯಿಂದ ಸುರುಳಿ ಸುರುಳಿ ಹೊಟ್ಟು
ನನ್ನ ಚಪ್ಪಲಿಯ ಮೇಲೆ ಬೀಳುತ್ತಿತ್ತು.
"ಆವತ್ತು ಉಪ್ಪು ತಾ ಅಂದಿದ್ದೆ," ಅಂದೆ,
"ತರಲೇ ಇಲ್ಲ ನೀನು."

ತಲೆಯೆತ್ತಿದ.
ಉತ್ತರ ಶುರುಮಾಡಿದ್ದಾನೆ.
ಹಲಗೆ ಇನ್ನೂ ಅರ್ಧ ಉಳಿದಿದೆ.