ತಂತಿ ಎತ್ತುವ ಕೋಲು

ತ್ರಿಯೊಲೆಯಿಂದ ಗಂಗಾ ತಲಾವಿಗೆ ಎರಡು ಹಗಲು, ಒಂದು ರಾತ್ರಿ.
ಅರ್ಧ ಮಾರಿಷಸ್ ಬಿಳಿ ಉಟ್ಟು ನಡೆಯುವ ವಾರ.
ಹುಡುಗರು ಶಿವನ ಗುಡಿ ಹೊರುತ್ತಾರೆ, ಬಿದಿರಿನದು,
ಬಣ್ಣದ ಕಾಗದ, ಕನ್ನಡಿ ಚೂರು, ಗೆಜ್ಜೆ.
ನಾನು ಮುಂದೆ, ಕವೆಗೋಲು ಹಿಡಿದು,
ಅಡ್ಡ ಬಂದ ತಂತಿಯನ್ನು ಎತ್ತುವವಳು.

ಹೆಂಗಸಿಗೇಕೆ ಇದು ಎಂದಿದ್ದರು ಮೊದಲ ವರ್ಷ.
ಅಪ್ಪನ ಕೋಲು; ಅಪ್ಪನ ಭುಜ ಬಿದ್ದುಹೋಗಿತ್ತು,
ತಮ್ಮ ಸುರುಜ್‌ಲಾಲನಿಗೆ ಮೇಲೆ ನೋಡಿದರೆ ತಲೆಸುತ್ತು.
ಹಾಗಾಗಿ ನಾನು, ಲೀಲೌತಿ ರಾಮ್‌ದೋನಿ,
ಹೊಲಿಗೆ ಕಾರ್ಖಾನೆಯಲ್ಲಿ ಕುತ್ತಿಗೆ ಬಗ್ಗಿಸಿಯೇ ಸವೆದವಳು,
ವರ್ಷಕ್ಕೊಮ್ಮೆ ಕತ್ತೆತ್ತಿದೆ.

ಹತ್ತೊಂಬತ್ತು ಶಿವರಾತ್ರಿ. ನನಗೆ ಗೊತ್ತಿರುವುದು ಇಷ್ಟೇ:
ಟೆಲಿಫೋನಿನ ತಂತಿ ಬಡಪಾಯಿ, ಕರೆದಲ್ಲಿಗೆ ಬರುತ್ತದೆ.
ಕರೆಂಟಿನದನ್ನು ಮುಟ್ಟುವಂತಿಲ್ಲ, ಇಲಾಖೆಯ ಲಾರಿ ಬರಬೇಕು,
ಲಾರಿಯ ಮೇಲೆ ಜಾನ್-ನೊಯೆಲ್, ರಬ್ಬರ್ ಕೈಗವಸು ತೊಟ್ಟು.
ಹಕ್ಕಿ ಕೂತಿದ್ದರೆ ಕಾಯಬೇಕೆ?
ಕಾದಿದ್ದೇವೆ ಒಮ್ಮೆ, ವಾಕ್ವಾದಲ್ಲಿ, ನಲವತ್ತು ಜನ, ಒಂದು ಪಾರಿವಾಳಕ್ಕೆ.

ದೇವರ ಹೆಸರು ಕೂಗುವವರು ಕೂಗಲಿ. ನನ್ನ ಮಂತ್ರ:
ಬಂತು, ಬಂತು, ಬಗ್ಗಿ, ನಿಲ್ಲಿ, ಹೋಯಿತು.
ರಸ್ತೆಯ ಈಚೆ ನಾನು, ಆಚೆ ಅವನು,
ನಡುವೆ ಗುಡಿಯೊಂದು ನುಸುಳುವಷ್ಟು ಆಕಾಶ.
ಹನ್ನೊಂದು ವರ್ಷ ಹೀಗೆ. ಮಾತು ಒಂದೇ,
ಕಿ ಮಾನ್ಯೆರ್, ಹೇಗಿದ್ದೀಯಾ. ಉತ್ತರಕ್ಕೆ ಪುರುಸೊತ್ತಿರಲಿಲ್ಲ.

ಈ ಸಲ ಪೊಲೀಸರು ಅಳತೆಪಟ್ಟಿ ಹಿಡಿದು ಬಂದರು.
ಇಷ್ಟೇ ಎತ್ತರ, ಇಷ್ಟೇ ಅಗಲ.
ಏಕೆಂದು ಯಾರೂ ಕೇಳಲಿಲ್ಲ, ಸುಟ್ಟ ಅಂಗೈ ನಮ್ಮ ಓಣಿಯಲ್ಲೂ ಇದೆ.
ಹುಡುಗರು ಗೊಣಗುತ್ತ ಶಿಖರ ಕೊಯ್ದರು.
ಶಿವ ಈಗ ಬಸ್ಸಿಗಿಂತ ಗಿಡ್ಡ.
ಕೋಲು ಮನೆಯಲ್ಲಿರಲಿ ಎಂದ ತಮ್ಮ.
ತಂದೆ.

ಕೆಲಸವಿಲ್ಲದ ಕೋಲು ಎರಡರಷ್ಟು ಭಾರ.
ಕಬ್ಬು ದಾಟಿದೆವು, ಕ್ಯೂರ್‌ಪಿಪ್ ಎಂದಿನಂತೆ ಮಳೆ ಹನಿಸಿತು,
ತಂತಿಗಳು ಮೇಲೆ ತಮ್ಮ ಪಾಡಿಗೆ ತಾವು.
ಕತ್ತಿಗೆ ಮಾತ್ರ ಹಳೇ ಚಾಳಿ, ಕಂಬ ಕಂಡಲ್ಲೆಲ್ಲ ಏಳುತ್ತದೆ.

ಲಾ ಮಾರಿಯ ತಿರುವಿನಲ್ಲಿ, ಗೇಟಿನ ಮುಂದೆ ಮೇಜು ಹಾಕಿ
ಹುಣಸೆ ಶರಬತ್ತು ಹಂಚುತ್ತಿದ್ದಾನೆ ಜಾನ್-ನೊಯೆಲ್.
ನಿವೃತ್ತ. ಕೊರಳಲ್ಲಿ ಶಿಲುಬೆ, ಕಾಲಲ್ಲಿ ಹವಾಯಿ ಚಪ್ಪಲಿ.
ಲಾರಿಯಿಂದ ಇಳಿದ ಮೇಲೆ ಇಷ್ಟೇ ಎತ್ತರವೇ ಇವನು?
ಅವನೂ ಹಾಗೇ ಅಂದುಕೊಂಡನೇನೋ.
ಕೋಲು ನೋಡಿದ. ಮೇಲೆ ನೋಡಿದ. ನಾನೂ ನೋಡಿದೆ.
ಏನಿಲ್ಲ.
ಲೋಟಕ್ಕೆ ಇನ್ನೊಂದಿಷ್ಟು ಸುರಿದ.

ಹಿಂದೆ ಗೆಜ್ಜೆ ಸದ್ದು. ಬದಿಗೆ ಸರಿದು ನಿಂತೆ.
ಗುಡಿ ಎದುರಿಂದ ಬರುವುದನ್ನು ನೋಡಿದ್ದು ಇದೇ ಮೊದಲು,
ಅದರ ತುದಿಯನ್ನಷ್ಟೇ ಬಲ್ಲೆ ನಾನು, ತಂತಿಗೆ ಎಷ್ಟು ದೂರ ಎಂದು.
ಎಷ್ಟೊಂದು ಕನ್ನಡಿ!
ಒಂದರಲ್ಲಿ ಮೋಡ, ಒಂದರಲ್ಲಿ ಶಿಲುಬೆ,
ಒಂದರಲ್ಲಿ ಮುದುಕಿಯೊಬ್ಬಳು ಬಾಯಿ ತೆರೆದು ನಿಂತಿದ್ದಾಳೆ.
ಯಾರಪ್ಪಾ ಇವಳು ಎನ್ನುವುದರೊಳಗೆ
ಬಗ್ಗಿ, ಬಗ್ಗಿ ಎಂದು ಕೂಗಿಬಿಟ್ಟೆ, ಸುಮ್ಮನೆ.
ಹುಡುಗರು ನಿಜವೆಂದು ಬಗ್ಗಿದರು.
ಜಾನ್-ನೊಯೆಲನೂ.