ಪ್ರಭಾರ

ಪಿಳ್ಳಪ್ಪ ಮೇಷ್ಟ್ರು ನಿವೃತ್ತರಾದ ದಿನ
ನನ್ನ ಕೈಗೆ ಬಂದದ್ದು ಏಳು ಬೀಗದ ಕೈ,
ಗಂಟೆಗೆಂದು ತೂಗುಬಿಟ್ಟ ಒಂದು ತುಂಡು ರೈಲುಕಂಬಿ,
ದಾಸ್ತಾನು ಪುಸ್ತಕದಲ್ಲಿ ಮೂರು ಕೆಂಪು ಗೆರೆ.
ಸೀನಿಯರ್ ನೀವೇ, ಸಹಿ ಮಾಡಿಯಮ್ಮ, ಅಂದರು.
ಆರ್ಡರಿನಲ್ಲಿ ಬರೆದಿತ್ತು: ಪ್ರಭಾರ ಮುಖ್ಯ ಶಿಕ್ಷಕಿ.
ಪದದೊಳಗೇ ಭಾರ ಕೂತಿದೆ ಅಂತ
ವ್ಯಾಕರಣ ಕಲಿಸುವ ನನಗೆ ಆವತ್ತು ಹೊಳೆಯಲಿಲ್ಲ.

ನರಸಾಪುರದ ಈಚೆ, ಹೈವೇಗೆ ಅಂಟಿಕೊಂಡ
ಹೊಸಹಳ್ಳಿ ಗೇಟಿನ ಶಾಲೆ ನಮ್ಮದು.
ಕಾಂಪೌಂಡಿನ ಆಚೆ ಮೊದಲು ಟೊಮೇಟೊ, ಹಿಪ್ಪುನೇರಳೆ;
ಈಗ ಕಣ್ಣು ಹಾಯುವ ತನಕ ನೀಲಿ ತಗಡಿನ ಗೋಡೆ.
ಒಳಗೆ ಏನು ಮಾಡುತ್ತಾರೆ ಅಂತ
ನಾಲ್ಕನೇ ಕ್ಲಾಸಿನವರಿಗೆ ಚೆನ್ನಾಗಿ ಗೊತ್ತು:
'ನಮ್ಮಮ್ಮ ಸ್ಕ್ರೂ, ಮಿಸ್. ಇವರಮ್ಮ ಗಾಜು.
ಒಡಿಶಾದ ಸುಭದ್ರಾ ಇದಾಳಲ್ಲ, ಅವರಮ್ಮ ಪ್ಯಾಕಿಂಗು.'
ಇಡೀ ಫೋನನ್ನು ಯಾರ ಅಮ್ಮನೂ ಮಾಡುವುದಿಲ್ಲ.

ಬಿಳಿ ಬಸ್ಸು ಬೆಳಗಿನ ಐದೂವರೆಗೆ.
ಅಷ್ಟು ಹೊತ್ತಿಗೆ ಗೇಟಿನ ಮುಂದೆ ಆರೇಳು ಮಕ್ಕಳು,
ತಲೆ ಬಾಚಿಸಿಕೊಂಡು, ಡಬ್ಬಿ ಸಮೇತ,
ಪಾರ್ಸಲ್ಲಿನ ಹಾಗೆ ಇಟ್ಟುಹೋದವರು.
ನಾನು ಬರುತ್ತಿದ್ದದ್ದು ಒಂಬತ್ತಕ್ಕೆ.
ನಡುವಿನ ಆ ಹೊತ್ತು ಯಾರ ಪ್ರಭಾರದಲ್ಲಿತ್ತು?
ಹಾಜರಿಯ ಆ್ಯಪು ಅದಕ್ಕೆ ಮುಂಚೆ ತೆರೆಯುವುದೇ ಇಲ್ಲ.

ಕೋಲಾರದಲ್ಲಿ ಮೂರು ದಿನ ನಾಯಕತ್ವ ತರಬೇತಿ.
ಪರದೆಯ ಮೇಲೆ ಫಿನ್‌ಲೆಂಡಿನ ಶಾಲೆ, ಹಿಮ, ಮರದ ನೆಲ.
ನಿಮ್ಮ ವಿಷನ್ ಒಂದೇ ವಾಕ್ಯದಲ್ಲಿ ಬರೆಯಿರಿ, ಅಂದರು.
'ಶೌಚಾಲಯದ ಮೋಟರ್ ರಿಪೇರಿ' ಅಂತ ಬರೆದೆ.
ಪಕ್ಕದ ಶ್ರೀನಿವಾಸಪುರದವರು ನಕ್ಕರು,
ಆಮೇಲೆ ಮೆತ್ತಗೆ ಕಾಪಿ ಮಾಡಿಕೊಂಡರು.

ಡಿಸೆಂಬರಿನಲ್ಲಿ ಕಂಪನಿಯವರು ಬಂದರು.
ಗೋಡೆಗೆ ಬಣ್ಣ, ಬಣ್ಣದ ಮೇಲೆ ಅವರ ಗುರುತು.
ಸಮುದ್ರದಾಚೆಯ ದೊಡ್ಡವರೊಬ್ಬರು ಮಂಡಿಯೂರಿ
ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿದು ಕೇಳಿದರು,
ನಿಮಗೆ ಏನು ಬೇಕು?
(ಒಳ್ಳೆಯ ಮನುಷ್ಯ. ಅದನ್ನೂ ಬರೆದಿಡಬೇಕು.)
ಪ್ರಶ್ನೆ ಅವರ ಮಾತಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ
ಮೆಟ್ಟಿಲಿಳಿದು ಬಂದದ್ದೇ ತಡ,
ಐದನೇ ಕ್ಲಾಸಿನ ರೋಜಾ ಎದ್ದು
ಮನೆಮಾತಲ್ಲೇ ಹೇಳಿಬಿಟ್ಟಳು:
'ಮಾ ಅಮ್ಮನಿ ತೆಲ್ಲಾರಿನಾಕ ಪಿಲವಂಡಿ.'

ನಮ್ಮಮ್ಮನ್ನ ಬೆಳಗಾದ ಮೇಲೆ ಕರೀರಿ. ಅಷ್ಟೇ.
ಕೋಲಾರದವಳು ನಾನು, ಅರ್ಥವಾಗದೆ ಏನು.
ಬಿಇಓ ಸಾಹೇಬರು ನನ್ನ ಕಡೆ ನೋಡಿದರು.
ಎಸ್‌ಡಿಎಂಸಿ ಅಧ್ಯಕ್ಷರೂ ನೋಡಿದರು,
ಬಿಳಿ ಬಸ್ಸುಗಳಲ್ಲಿ ಎರಡು ಅವರವು.
ನನ್ನ ಬಾಯಿಂದ ಬಂದ ಕನ್ನಡ ಇದು:
'ಮಗು ಬೆಳಕಿನ ಬಗ್ಗೆ ಹೇಳ್ತಿದೆ, ಸರ್.'
ಎಚ್‌ಆರ್ ಹುಡುಗ ಅದನ್ನು ಜ್ಞಾನದ ಬೆಳಕು ಮಾಡಿದ.
ದುಭಾಷಿ ಹೆಣ್ಣುಮಗಳು ಜ್ಞಾನವನ್ನು ಕಂಪ್ಯೂಟರ್ ಮಾಡಿದಳೇನೋ.
ದೊಡ್ಡವರು ತಲೆಬಾಗಿದರು. ಎಲ್ಲರೂ ಚಪ್ಪಾಳೆ.
ರೋಜಾ ಕೂಡ ತಟ್ಟಿದಳು.

ಸಂಕ್ರಾಂತಿ ಕಳೆದು ಹನ್ನೆರಡು ಪೆಟ್ಟಿಗೆ ಬಂದವು.
ವೈರಿಂಗಿನ ಮಂಜೂರಾತಿ ಇನ್ನೂ ಕಡತದಲ್ಲಿದೆ.
ಕಂಪ್ಯೂಟರುಗಳನ್ನು ಬೀರುವಿಗೆ ತುಂಬಿ
ರಟ್ಟು ಬಿಚ್ಚಿ ಹಾಸಿದ್ದೇನೆ, ನಲಿಕಲಿ ಕೋಣೆಯಲ್ಲಿ.
ಗೇಟಿನ ಕೈ ಈಗ ಅಡುಗೆಯ ವೆಂಕಟರವಣಮ್ಮನ ಸೆರಗಿನ ಗಂಟಿನಲ್ಲಿ;
ಐದಕ್ಕೆ ತೆರೆಯುತ್ತಾಳೆ.
ಯಾವ ಆದೇಶದ ಮೇಲೆ ಅಂತ ಕೇಳಿದರೆ
ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ನನ್ನ ಬಾಯಿಮಾತು.
ವಾರಕ್ಕೆರಡು ದಿನ ನಾನೂ ಮೊದಲ ಬಸ್ಸು ಹಿಡಿಯುತ್ತೇನೆ.
ರಟ್ಟಿನ ಮೇಲೆ ಮಲಗಿರುತ್ತಾರೆ, ಒಬ್ಬರ ಮೇಲೊಬ್ಬರ ಕಾಲು.
ಕೆನ್ನೆಯ ಕೆಳಗೆ ಕಪ್ಪು ಬಾಣದ ಗುರುತು,
ಪಕ್ಕದಲ್ಲಿ ಓದಲಾಗದ ಯಾವುದೋ ಲಿಪಿ:
ಈ ಬದಿ ಮೇಲಕ್ಕೆ, ಅಂತಿರಬೇಕು.

ರೋಜಾ ಮಾತ್ರ ಎದ್ದು ಕೂತಿರುತ್ತಾಳೆ.
'ಮಿಸ್, ಅವತ್ತು ನಾನು ಹೇಳಿದ್ದು
ಅವರಿಗೆ ಹೇಳಿದ್ರಾ?' ಅಂತ ಕೇಳಿದಳು ಒಮ್ಮೆ.

ಹೇಳಿದೆ, ಅಂದೆ.
ಕಂಬಿ ಬಡಿಯಲು ಇನ್ನೂ ಮೂರು ಗಂಟೆ ಬಾಕಿ ಇತ್ತು.