ಅವಸರವೇನಿಲ್ಲ

ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ
ಔಲು ಪಟ್ಟಣದ ಒಂದು-ಒಂದು-ಎರಡು ನಾನು.
ಮನೆಯಲ್ಲಿ ಸಿನಿಕ್ಕ; ಫೋನಿನಲ್ಲಿ ಹೆಸರಿಲ್ಲ.
ಹೊರಗೆ ಸೊನ್ನೆಗೂ ಇಪ್ಪತ್ತೇಳು ಕೆಳಗೆ.

ಕುಡಿದವನೊಬ್ಬ ಕೇಳುತ್ತಾನೆ:
ಸೌನಾ ಒಲೆಗೆ ಹಸಿ ಕಟ್ಟಿಗೆ ಹಾಕಬಹುದೇ?
ಪಕ್ಕದ ಮನೆಯ ಅಕಾರ್ಡಿಯನ್ ನಿಲ್ಲಬೇಕಂತೆ ಒಬ್ಬಳಿಗೆ, ಈಗಲೇ.
ಜೇಬಿನೊಳಗೆ ತಾನಾಗಿ ಒತ್ತಿಹೋದ ಫೋನುಗಳಿಂದ
ಹಿಮದ ಮೇಲೆ ಬೂಟುಗಳ ಕರಕರ.
ಅದನ್ನೂ ಕೇಳುತ್ತೇನೆ,
ಅದು ನಡಿಗೆಯೇ ಹೌದೆಂದು ಖಾತ್ರಿಯಾಗುವವರೆಗೆ.

ಕಿರುಚುವವರ ಬಗ್ಗೆ ಅಷ್ಟು ಭಯವಿಲ್ಲ ನನಗೆ.
ಉಸಿರಿದೆ ಅವರಿಗೆ.

ಹತ್ತೂ ಮುಕ್ಕಾಲಿಗೆ ಒಂದು ಹಣ್ಣು ದನಿ:
"ಕ್ಷಮಿಸಿ, ಅವಸರವೇನಿಲ್ಲ,
ಬೇರೆಯವರದ್ದು ಮುಗಿದ ಮೇಲೆ ನೋಡಿ ಸಾಕು.
ನಮ್ಮ ತಾವೆತ್ತಿ ಕಾಫಿಯನ್ನು ಅಂಗಿ ಮೇಲೆ ಸುರಿದುಕೊಂಡರು,
ತುಟಿಯ ಎಡಮೂಲೆಯಿಂದ."
ಯಾವಾಗ?
"ಹವಾಮಾನ ವರದಿ ಬರುತ್ತಿದ್ದಾಗ. ಒಂಬತ್ತಿರಬೇಕು.
ಅಂಗಿ ಬದಲಿಸಿದೆ. ಕಲೆ ಕೂರಬಾರದೆಂದು
ತಣ್ಣೀರಿನಲ್ಲಿ ನೆನೆಹಾಕಿದೆ. ಕೋಣೆ ಗುಡಿಸಿದೆ.
ಮೆಟ್ಟಿಲ ಹಿಮ ತೆಗೆದೆ, ನಿಮ್ಮವರು ಜಾರಬಾರದಲ್ಲ.
ಕೈ ಎತ್ತಿ ಅಂದೆ, ಒಂದೇ ಎತ್ತಿದರು.
ಇನ್ನೊಂದನ್ನು ಮರೆತರೋ ಏನೋ."

ಅಷ್ಟರಲ್ಲಿ ನನ್ನ ಬೆರಳು ಗಾಡಿ ಹೊರಡಿಸಿತ್ತು.
"ಫೋನ್ ಮಾಡಿದ್ದು ಒಳ್ಳೆಯದಾಯಿತು," ಎಂದೆ.
ಗಂಟೆ ಬಗ್ಗೆ ಬಾಯಿ ಬಿಡಲಿಲ್ಲ.
ಎಷ್ಟು ಹೊಳೆಯುತ್ತಿರಬಹುದು ಆ ನೆಲ!

ಶಾಲೆಗೆ ಹೋದಾಗ ಮಕ್ಕಳು ಕೇಳುತ್ತಾರೆ, ಯಾವಾಗ ಮಾಡಬೇಕು?
ಪಟ್ಟಿಯಿದೆ, ಓದುತ್ತೇನೆ: ಬೆಂಕಿ, ರಕ್ತ, ಉಸಿರು,
ಮುರಿದ ಮಂಜಿನಡಿ ನೀರು.
ಪಟ್ಟಿಯಲ್ಲಿಲ್ಲದ್ದೊಂದು ಇನ್ನು ಮೇಲೆ ಸೇರಿಸುತ್ತೇನೆ:
ಬರುವವರ ಮುಂದೆ ಮನೆ ಚೊಕ್ಕಟವಿರಲಿ ಎಂದು
ಕೈ ತಾನಾಗಿ ಪೊರಕೆ ಹುಡುಕಿದರೆ,
ಆಗ.

ಆರೂ ಕಾಲು. ಮನೆಯ ದಾರಿ. ಕತ್ತಲೆ ಇನ್ನೂ ಕತ್ತಲೆಯೇ.
ಚರಂಡಿಯಲ್ಲಿ ಹಿಮ ಹೊದ್ದ ಕಾರು,
ಹಿಂದಿನ ಒಂದೇ ಕೆಂಪು ದೀಪ ಉರಿಯುತ್ತಿದೆ.
ನನ್ನ ಮುಂದಿನ ಮೂರೂ ಗಾಡಿಗಳು ನಿಧಾನಿಸಲಿಲ್ಲ.
ಯಾರೋ ಆಗಲೇ ಹೇಳಿರುತ್ತಾರೆ, ಅಂದುಕೊಂಡೆ.
ಹೌದು, ನಾನೂ. ನಾಲ್ಕು ದೀಪದ ಕಂಬ ದಾಟುವಷ್ಟು ದೂರ.

ಆಮೇಲೆ ಬ್ರೇಕು. ಹಲ್ಲಿನಿಂದ ಕೈಗವಸು ಎಳೆದು
ಒಂದು, ಒಂದು, ಎರಡು.
ನನ್ನ ಕುರ್ಚಿ ಇನ್ನೂ ಬೆಚ್ಚಗಿರಬೇಕು,
ಅಲ್ಲಿ ಈಗ ಯೂಸೊ.

"ಕ್ಷಮಿಸಿ," ಅನ್ನುತ್ತಿದೆ ನನ್ನದೇ ಬಾಯಿ,
"ದೊಡ್ಡದೇನೂ ಇರಲಿಕ್ಕಿಲ್ಲ..."

ದನಿ ಗುರುತು ಹತ್ತಿತೋ ಇಲ್ಲವೋ,
ಅವನು ಕೇಳಿದ್ದು ಒಂದೇ:
ಎಲ್ಲಿ?